ಆಮ್ಲದ ಗುಂಡಿಗೆ ಗಾಳಿ ಪಂಪೋ, ಮೋಟಾರು ಪಂಪೋ? ಅಂತರಸನಹಳ್ಳಿಯ ಇಟಿಪಿಯಿಂದ ಒಂದು ಪ್ರಶ್ನೆ

ಇಟಿಪಿ_ಅಂತರಸನಹಳ್ಳಿ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಉಕ್ಕಿನ ಬಿಡಿಭಾಗಗಳಿಗೆ ಸತುವಿನ ಲೇಪನ ಮತ್ತು ಫಾಸ್ಫೇಟಿಂಗ್ ಮಾಡುವ ಮಧ್ಯಮ ಗಾತ್ರದ ಘಟಕವೊಂದರಲ್ಲಿ ತ್ಯಾಜ್ಯನೀರಿನ ಶುದ್ಧೀಕರಣ ವಿಭಾಗವನ್ನು, ಅಂದರೆ ಇಟಿಪಿಯನ್ನು, ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ದಿನಕ್ಕೆ ಸುಮಾರು 50 ಘನ ಮೀಟರ್ ನೀರು ಬರುತ್ತದೆ. ತುಕ್ಕು ತೆಗೆಯುವ ಪಿಕ್ಲಿಂಗ್ ತೊಟ್ಟಿಯ ಹೈಡ್ರೋಕ್ಲೋರಿಕ್ ಆಮ್ಲದ ತೊಳೆನೀರು, ಜಿಡ್ಡು ತೊಳೆಯುವ ಡಿಗ್ರೀಸಿಂಗ್‌ನಿಂದ ಬರುವ ಎಣ್ಣೆಯ ಅಂಶ, ಜೊತೆಗೆ ಕಬ್ಬಿಣದ ಕಿಟ್ಟ, ಎಲ್ಲವೂ ಒಂದೇ ಗುಂಡಿಗೆ ಸೇರುತ್ತವೆ. ಕ್ರೋಮ್ ಇರುವ ನೀರನ್ನು ಮಾತ್ರ ಬೇರೆ ಸಾಲಿನಲ್ಲಿ ಸಂಸ್ಕರಿಸುತ್ತೇವೆ.

ಈಗ ಎರಡು ಕಡೆ ಪಂಪು ಬದಲಿಸಬೇಕಾಗಿದೆ. ಮೊದಲನೆಯದು ಗುಂಡಿಯಿಂದ ರಿಯಾಕ್ಷನ್ ತೊಟ್ಟಿಗೆ ಗಂಟೆಗೆ 5 ಘನ ಮೀಟರಿನಂತೆ ದಿನಕ್ಕೆ ಹತ್ತು ಗಂಟೆ ನೀರು ಸಾಗಿಸುವ ಪಂಪು. ಗುಂಡಿಯ ತಳ ನೆಲಮಟ್ಟದಿಂದ ಮೂರೂವರೆ ಮೀಟರ್ ಕೆಳಗಿದೆ, ಪೈಪಿನ ಘರ್ಷಣೆ ಸೇರಿ ಒಟ್ಟು ಹೆಡ್ (ನೀರನ್ನು ಒತ್ತಬೇಕಾದ ಎತ್ತರ) 20 ಮೀಟರ್ ಆಗುತ್ತದೆ. ಎರಡನೆಯದು ಸೆಟ್ಲಿಂಗ್ ತೊಟ್ಟಿಯ ಕೆಳಗಿನ ಕೆಸರನ್ನು ಫಿಲ್ಟರ್ ಪ್ರೆಸ್ಸಿಗೆ (ಬಟ್ಟೆ ಹೊದಿಸಿದ ತಟ್ಟೆಗಳ ನಡುವೆ ಕೆಸರಿನ ನೀರು ಸೋಸುವ ಯಂತ್ರ) ಒತ್ತುವ ಪಂಪು. ಇದು ದಿನಕ್ಕೆ ಎರಡು ಬ್ಯಾಚು, ಒಂದೊಂದೂ ಎರಡೂವರೆ ಗಂಟೆ ನಡೆಯುತ್ತದೆ. ಇದುವರೆಗೆ ಎರಡೂ ಕಡೆ ಸ್ಕ್ರೂ ಪಂಪುಗಳಿದ್ದವು. ರಾತ್ರಿ ಪಾಳಿಯಲ್ಲಿ ಗುಂಡಿ ಬರಿದಾದದ್ದನ್ನು ಯಾರೂ ಗಮನಿಸದೆ ಒಂದರ ರಬ್ಬರ್ ಸ್ಟೇಟರ್ (ಸ್ಕ್ರೂ ತಿರುಗುವ ಒಳಗವಸು) ಸುಟ್ಟುಹೋಯಿತು. ಇದು ಮೂರನೆಯ ಸಲ. ಹಾಗಾಗಿ ಇನ್ನು ಡಯಾಫ್ರಂ ಪಂಪನ್ನೇ (ಬಾಗುವ ಪರದೆಯೊಂದು ಹಿಂದೆ ಮುಂದೆ ಆಡಿ ದ್ರವ ತಳ್ಳುವಂಥದ್ದು) ಕೊಳ್ಳುವುದೆಂದು ತೀರ್ಮಾನವಾಗಿದೆ.

ಒಬ್ಬ ಸರಬರಾಜುದಾರರು ಎರಡೂ ಕಡೆಗೆ ಗಾಳಿ ಚಾಲಿತ ಪಂಪನ್ನು ಸೂಚಿಸಿದ್ದಾರೆ. ಇನ್ನೊಬ್ಬರು ಮೋಟಾರು, ಗೇರ್ ಬಾಕ್ಸ್ ಮತ್ತು ಕನೆಕ್ಟಿಂಗ್ ರಾಡ್ ಇರುವ ಯಾಂತ್ರಿಕ ಡಯಾಫ್ರಂ ಪಂಪನ್ನು ಸೂಚಿಸಿದ್ದು, ಅದರ ಬೆಲೆ ಗಾಳಿ ಪಂಪಿನ ಎರಡೂವರೆ ಪಟ್ಟು ಇದೆ. ನಮ್ಮ ಮಾಲೀಕರು ಅಗ್ಗದ್ದನ್ನೇ ತರಿಸು ಎನ್ನುತ್ತಿದ್ದಾರೆ. ಬಳಸಿ ನೋಡಿದವರ ಅಭಿಪ್ರಾಯ ಬೇಕು.

ಹಳೇ_ಫಿಟ್ಟರ್:

ಮೂವತ್ತು ವರ್ಷ ಪಂಪು ಬಿಚ್ಚಿ ಜೋಡಿಸಿದವನಾಗಿ ಮೊದಲು ಒಂದು ಮಾತು ಹೇಳುತ್ತೇನೆ. ನೀವು ಎರಡು ಕೆಲಸಗಳನ್ನು ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೀರಿ, ಆದರೆ ಅವೆರಡರ ಸ್ವಭಾವ ಬೇರೆ. ಪಂಪಿನ ಮುಂದಿನ ಪೈಪು ತೆರೆದಿರುತ್ತದೆಯೋ, ಇಲ್ಲ ಹೊತ್ತು ಹೋದಂತೆ ಮುಚ್ಚಿಕೊಳ್ಳುತ್ತದೆಯೋ ಎಂಬುದನ್ನು ನೋಡದೆ ಪಂಪು ಆರಿಸಬಾರದು.

ಗಾಳಿ ಪಂಪಿನಲ್ಲಿ ಎರಡು ಡಯಾಫ್ರಂಗಳನ್ನು ಒಂದು ದಂಡಕ್ಕೆ ಜೋಡಿಸಿರುತ್ತಾರೆ. ನಡುವಿನ ಏರ್ ವಾಲ್ವು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಗಾಳಿ ಬಿಡುತ್ತದೆ. ಒಂದು ಕಡೆ ದ್ರವ ಹೊರಗೆ ತಳ್ಳಲ್ಪಡುವಾಗ ಇನ್ನೊಂದು ಕಡೆ ಒಳಗೆ ಎಳೆದುಕೊಳ್ಳುತ್ತದೆ. ಅಮೆರಿಕದ ಜಿಮ್ ವಿಲ್ಡನ್ 1955ರಲ್ಲಿ ರೂಪಿಸಿದ ಈ ವಿನ್ಯಾಸದ ತಿರುಳು ಇಂದಿಗೂ ಹಾಗೆಯೇ ಉಳಿದಿದೆ. ಇದರಲ್ಲಿ ದ್ರವದ ಒತ್ತಡ ಒಳಗೆ ಕೊಟ್ಟ ಗಾಳಿಯ ಒತ್ತಡವನ್ನು ಮೀರುವುದಿಲ್ಲ. ಮುಂದೆ ದಾರಿ ಮುಚ್ಚಿದರೆ ಪಂಪು ತಾನಾಗಿ ನಿಲ್ಲುತ್ತದೆ, ದಾರಿ ತೆರೆದರೆ ತಾನಾಗಿ ಹೊರಡುತ್ತದೆ, ಏನೂ ಮುರಿಯುವುದಿಲ್ಲ.

ಯಾಂತ್ರಿಕ ಪಂಪಿಗೆ ಈ ವಿವೇಕವಿಲ್ಲ. ಮೋಟಾರು ತಿರುಗುವವರೆಗೂ ರಾಡು ಹಿಂದೆ ಮುಂದೆ ಹೋಗಲೇಬೇಕು, ಪ್ರತಿ ಸ್ಟ್ರೋಕಿಗೂ ಅಷ್ಟೇ ದ್ರವ ಹೊರಗೆ ಬರಲೇಬೇಕು. ದಾರಿ ಮುಚ್ಚಿದ್ದರೆ ಒತ್ತಡ ಏರುತ್ತಾ ಹೋಗಿ ಪೈಪೋ, ಡಯಾಫ್ರಮ್ಮೋ, ರಾಡೋ ಯಾವುದಾದರೊಂದು ಸೋಲುತ್ತದೆ. ಹಿಂದೆ ನಾನಿದ್ದ ಕಾರ್ಖಾನೆಯಲ್ಲಿ ಪ್ರೆಸ್ಸಿನ ಬಟ್ಟೆ ತೊಳೆಯಲೆಂದು ಆಪರೇಟರ್ ಒಳದಾರಿಯ ವಾಲ್ವು ಮುಚ್ಚಿದ, ಪಂಪು ನಿಲ್ಲಿಸುವುದನ್ನು ಮರೆತ. ಒತ್ತಡ ಮೀರಿದರೆ ತೆರೆಯುವ ರಿಲೀಫ್ ವಾಲ್ವು ಇತ್ತು, ಆದರೆ ಅದರ ಸೀಟಿನ ಮೇಲೆ ಕೆಸರು ಒಣಗಿ ಗಾರೆಯಾಗಿತ್ತು. ಫ್ಲೇಂಜಿನ ಗ್ಯಾಸ್ಕೆಟ್ ಹಾರಿ ಗೋಡೆಯೆಲ್ಲ ಸುಣ್ಣ ಬಳಿದಂತಾಯಿತು. ರಾಡು ಬಾಗಿದ್ದು ಬಿಚ್ಚಿದ ಮೇಲೆ ತಿಳಿಯಿತು. ಪುಣ್ಯಕ್ಕೆ ಎದುರಿಗೆ ಯಾರೂ ನಿಂತಿರಲಿಲ್ಲ.

ಆದ್ದರಿಂದ ಪ್ರೆಸ್ಸಿಗೆ ಗಾಳಿ ಪಂಪು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಗುಂಡಿಯ ವಿಷಯ ಬೇರೆ.

ಯೂನಿಟ್_ಲೆಕ್ಕ:

ಗುಂಡಿಯ ಪಂಪಿಗೆ ಕರೆಂಟಿನ ಲೆಕ್ಕ ಮಾಡದೆ ಬೆಲೆ ಹೋಲಿಸುವುದು ಎತ್ತಿನ ಬೆಲೆ ನೋಡಿ ಮೇವಿನ ಲೆಕ್ಕ ಮರೆತಂತೆ. ಪ್ರಶ್ನೆ ಕೇಳಿದವರು ಕೊಟ್ಟ ಅಂಕಿಗಳನ್ನೇ ಹಿಡಿಯುತ್ತೇನೆ.

ಗಂಟೆಗೆ 5 ಘನ ಮೀಟರ್ ನೀರನ್ನು 20 ಮೀಟರ್ ಹೆಡ್ಡಿಗೆ, ಅಂದರೆ ಸುಮಾರು 2 ಬಾರ್‌ಗೆ ಒತ್ತಲು ನೀರಿಗೆ ಸೇರಬೇಕಾದ ಶಕ್ತಿ ಕೇವಲ 280 ವ್ಯಾಟ್. ಯಾಂತ್ರಿಕ ಪಂಪು, ಗೇರ್ ಬಾಕ್ಸ್ ಮತ್ತು ಮೋಟಾರು ಮೂರರ ಒಟ್ಟು ದಕ್ಷತೆ ಶೇಕಡ 50 ಎಂದು ಕಡಿಮೆಯೇ ಹಿಡಿದರೂ ಮೀಟರಿನಲ್ಲಿ 0.55 ಕಿಲೋವ್ಯಾಟ್ ಓಡುತ್ತದೆ.

ಗಾಳಿ ಪಂಪಿನಲ್ಲಿ, ಎಷ್ಟು ಗಾತ್ರದ ನೀರು ಹೊರಗೆ ಹೋಗುತ್ತದೆಯೋ ಕಡಿಮೆಯೆಂದರೂ ಅಷ್ಟೇ ಗಾತ್ರದ ಒತ್ತಿದ ಗಾಳಿ ಒಳಗೆ ಬರಬೇಕು. ನಿಮಿಷಕ್ಕೆ 83 ಲೀಟರ್ ನೀರು. ಪಂಪಿಗೆ 3 ಬಾರ್ ಗಾಳಿ ಕೊಟ್ಟರೆ, ಹೊರಗಿನ ಒತ್ತಡವನ್ನು 1 ಬಾರ್ ಎಂದು ಸೇರಿಸಿ, ಒಂದು ಲೀಟರ್ ಜಾಗ ತುಂಬಲು 4 ಲೀಟರ್ ಬಿಡಿ (ಒತ್ತದ) ಗಾಳಿ ಬೇಕು. ನಿಮಿಷಕ್ಕೆ 332 ಲೀಟರ್, ಅಂದರೆ ನಿಮಿಷಕ್ಕೆ ಘನ ಅಡಿಯ ಲೆಕ್ಕದಲ್ಲಿ 11.7 ಸಿಎಫ್‌ಎಂ. ವಾಲ್ವಿನ ಸೋರಿಕೆ ಮತ್ತು ಖಾಲಿ ಜಾಗಕ್ಕೆ ಶೇಕಡ 20 ಸೇರಿಸಿದರೆ 14 ಸಿಎಫ್‌ಎಂ. ಸಣ್ಣ ಸ್ಕ್ರೂ ಕಂಪ್ರೆಸರ್ 7 ಬಾರ್‌ನಲ್ಲಿ ಒಂದು ಕಿಲೋವ್ಯಾಟಿಗೆ ಐದೂವರೆ ಸಿಎಫ್‌ಎಂ ಕೊಡುತ್ತದೆಂದು ಹಿಡಿದರೆ ಇದಕ್ಕೆ 2.5 ಕಿಲೋವ್ಯಾಟ್ ಬೇಕು. 3 ಬಾರ್ ಸಾಕಾಗುವ ಕಡೆಗೆ 7 ಬಾರ್‌ವರೆಗೆ ಒತ್ತಿ ಮತ್ತೆ ರೆಗ್ಯುಲೇಟರಿನಲ್ಲಿ ಇಳಿಸುವುದೇ ಇಲ್ಲಿನ ದೊಡ್ಡ ನಷ್ಟ.

ವ್ಯತ್ಯಾಸ ಸುಮಾರು 2 ಕಿಲೋವ್ಯಾಟ್. ದಿನಕ್ಕೆ ಹತ್ತು ಗಂಟೆ, ವರ್ಷಕ್ಕೆ 300 ದಿನ ಎಂದರೆ 6,000 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೆ ವರ್ಷಕ್ಕೆ 42,000 ರೂಪಾಯಿ. ಯಾಂತ್ರಿಕ ಪಂಪಿಗೆ ಕೊಡುವ ಹೆಚ್ಚಿನ ಬೆಲೆ ಎಷ್ಟು ವರ್ಷದಲ್ಲಿ ಹಿಂದಿರುಗುತ್ತದೆ ಎಂಬುದನ್ನು ನಿಮ್ಮ ಮಾಲೀಕರೇ ಭಾಗಿಸಿ ನೋಡಲಿ.

ವಸಂತನರಸಾಪುರದಿಂದ:

ಲೆಕ್ಕ ಸರಿಯಾಗಿದೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ತುಮಕೂರು 800 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 0.92 ಬಾರ್ ಮಾತ್ರ. ಅದೇ 3 ಬಾರ್ ಕೊಡಲು ಕಂಪ್ರೆಸರ್ ನುಂಗಬೇಕಾದ ಗಾಳಿ ಶೇಕಡ 6ರಿಂದ 7ರಷ್ಟು ಹೆಚ್ಚಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಹೀರುವ ಕಡೆಯ ವಿಷಯ. ಸಮುದ್ರಮಟ್ಟದಲ್ಲಿ 10.3 ಮೀಟರ್ ನೀರಿನ ಕಂಬವನ್ನು ಎತ್ತಿಹಿಡಿಯುವ ಗಾಳಿ ಇಲ್ಲಿ 9.4 ಮೀಟರನ್ನು ಮಾತ್ರ ಎತ್ತಬಲ್ಲದು. ಕ್ಯಾಟಲಾಗಿನಲ್ಲಿ ಬರೆದ ಹೀರುವ ಎತ್ತರದಿಂದ ಒಂದು ಮೀಟರನ್ನು ಮೊದಲೇ ಕಳೆದಿಟ್ಟುಕೊಳ್ಳುವುದು ಕ್ಷೇಮ. ಕೋಲಾರದವರಿಗೂ ಚಿಕ್ಕಬಳ್ಳಾಪುರದವರಿಗೂ ಇದೇ ಮಾತು ಅನ್ವಯಿಸುತ್ತದೆ, ಅವರೂ ನಮ್ಮಂತೆ ಎತ್ತರದವರೇ.

ಇದರ ಜೊತೆಗೆ ಟೆಫ್ಲಾನ್, ಅಂದರೆ ಪಿಟಿಎಫ್‌ಇ ಡಯಾಫ್ರಂ ಹಾಕಿಸಿದರೆ ಇನ್ನೂ ಕಷ್ಟ. ಅದು ರಬ್ಬರಿನಷ್ಟು ಬಾಗುವುದಿಲ್ಲ, ಸ್ಟ್ರೋಕ್ ಕಿರಿದಾಗುತ್ತದೆ. ಒಣ ಪೈಪಿನಿಂದ ನೀರನ್ನು ಮೇಲೆತ್ತುವ ಶಕ್ತಿ ರಬ್ಬರಿಗೆ ಹೋಲಿಸಿದರೆ ಬಹಳ ಕುಗ್ಗುತ್ತದೆ. ಈ ಸಂಗತಿಯನ್ನು ಪಂಪಿನ ಹರಿವು-ಒತ್ತಡದ ಕರ್ವ್ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಮೂರೂವರೆ ಮೀಟರ್ ಆಳದ ಗುಂಡಿಗೆ ಇದನ್ನು ನೋಡದೆ ಆರ್ಡರ್ ಕೊಟ್ಟರೆ ಪಂಪು ಪಟಪಟ ಬಡಿದುಕೊಳ್ಳುತ್ತದೆಯೇ ಹೊರತು ನೀರು ಮೇಲೆ ಬರುವುದಿಲ್ಲ.

ಇಟಿಪಿ_ಅಂತರಸನಹಳ್ಳಿ:

ಎಲ್ಲರಿಗೂ ಧನ್ಯವಾದ. ಎರಡೂ ಕೊಟೇಶನ್ನುಗಳನ್ನು ಮತ್ತೆ ತೆಗೆದು ನೋಡಿದೆ. ಗಾಳಿ ಪಂಪಿಗೆ ಪಾಲಿಪ್ರೊಪಿಲೀನ್ ಮೈ, ಇಪಿಡಿಎಂ ಎಂಬ ರಬ್ಬರಿನ ಡಯಾಫ್ರಂ ಎಂದು ಬರೆದಿದ್ದಾರೆ. ಯಾಂತ್ರಿಕ ಪಂಪಿಗೆ ಎಸ್‌ಎಸ್ 316 ಮೈ, ನೈಟ್ರೈಲ್ ರಬ್ಬರಿನ ಡಯಾಫ್ರಂ ಎಂದಿದೆ. ಸ್ಟೇನ್‌ಲೆಸ್ ಇರುವುದರಿಂದ ಬೆಲೆ ಹೆಚ್ಚು ಎಂದು ಆ ಸರಬರಾಜುದಾರರು ಸಮಜಾಯಿಷಿ ಕೊಟ್ಟರು.

ನಮ್ಮ ಕಂಪ್ರೆಸರ್ 7.5 ಕಿಲೋವ್ಯಾಟಿನದು, ಸುಮಾರು 40 ಸಿಎಫ್‌ಎಂ ಕೊಡುತ್ತದೆ. ಹಗಲಿನಲ್ಲಿ ಶಾಪಿನ ಬಳಕೆಯೇ 28 ಇದೆ.

ರಬ್ಬರ್_ಕೈಪಿಡಿ:

ಇಬ್ಬರ ಕೊಟೇಶನ್ನೂ ತಪ್ಪಾಗಿದೆ. ದಯವಿಟ್ಟು ಯಾವುದಕ್ಕೂ ಇನ್ನೂ ಸಹಿ ಹಾಕಬೇಡಿ.

ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎಸ್‌ಎಸ್ 316 ತಡೆಯುವುದಿಲ್ಲ. ಕ್ಲೋರೈಡು ಸ್ಟೇನ್‌ಲೆಸ್ ಉಕ್ಕಿನ ಮೇಲ್ಪದರವನ್ನು ಅಲ್ಲಲ್ಲಿ ಕೊರೆದು ಚುಕ್ಕಿ ಚುಕ್ಕಿಯಾಗಿ ತೂತು ಮಾಡುತ್ತದೆ; ಹೊರಗಿನಿಂದ ಹೊಳೆಯುತ್ತಲೇ ಇರುವ ಪಂಪು ಒಂದು ದಿನ ಬೆವರತೊಡಗುತ್ತದೆ. ಹೆಚ್ಚು ದುಡ್ಡು ಕೊಟ್ಟು ಕೆಟ್ಟದ್ದನ್ನು ಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ನಿಮ್ಮ ಗುಂಡಿಗೆ ಪಾಲಿಪ್ರೊಪಿಲೀನ್ ಅಥವಾ ರಬ್ಬರ್ ಲೈನಿಂಗ್ ಮಾಡಿದ ಎರಕದ ಮೈ ಬೇಕು. ಯಾಂತ್ರಿಕ ಪಂಪಿನಲ್ಲೂ ಇವು ಸಿಗುತ್ತವೆ. ನೀವು ಕೇಳದೆ ಅವರಾಗಿ ಕೊಡುವುದಿಲ್ಲ, ಅಷ್ಟೆ.

ಡಯಾಫ್ರಮ್ಮಿನ ವಿಷಯ ಇನ್ನೂ ಸೂಕ್ಷ್ಮ. ಇಪಿಡಿಎಂ ದುರ್ಬಲ ಆಮ್ಲಕ್ಕೂ ಕ್ಷಾರಕ್ಕೂ ಚೆನ್ನಾಗಿ ಒಗ್ಗುತ್ತದೆ, ಆದರೆ ಖನಿಜ ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ನೈಟ್ರೈಲ್ ಎಣ್ಣೆಯನ್ನು ತಡೆಯುತ್ತದೆ, ಆಮ್ಲ ಬಲವಾದರೆ ಸೋಲುತ್ತದೆ. ನಿಮ್ಮ ಗುಂಡಿಯಲ್ಲಿ ಎರಡೂ ಇವೆ. ಡಿಗ್ರೀಸಿಂಗ್ ನೀರನ್ನು ಎಣ್ಣೆ ಬಲೆಯ ಮೂಲಕ ಹಾಯಿಸಿ ತೇಲುವ ಎಣ್ಣೆಯನ್ನು ತೆಗೆದರೆ ಸ್ಯಾಂಟೊಪ್ರೀನ್‌ನಂಥ ಥರ್ಮೋಪ್ಲಾಸ್ಟಿಕ್ ರಬ್ಬರ್ ಸಾಕಾಗುತ್ತದೆ, ಅದು ಬಾಗಿ ಬಾಗಿ ದಣಿಯುವುದೂ ಕಡಿಮೆ. ಬಲೆ ಹಾಕಲು ಸಾಧ್ಯವಿಲ್ಲವೆಂದರೆ ವೈಟಾನ್ ರಬ್ಬರ್ ಅಥವಾ ಪಿಟಿಎಫ್‌ಇ. ಆಗ ಮೇಲೆ ಹೇಳಿದ ಹೀರುವ ಎತ್ತರದ ತಕರಾರು ಪಿಟಿಎಫ್‌ಇಗೆ ಬರುತ್ತದೆ. ಪ್ರೆಸ್ಸಿಗೆ ಹೋಗುವ ಕೆಸರು ಸುಣ್ಣ ಹಾಕಿ ತಟಸ್ಥಗೊಳಿಸಿದ್ದು, ಅಲ್ಲಿ ಇಷ್ಟು ಯೋಚನೆ ಬೇಡ.

ಹೊಸ_ಎಂಜಿನಿಯರ್:

ಒಂದು ಸಂದೇಹ. ಪ್ರೆಸ್ಸಿಗೂ ಯಾಂತ್ರಿಕ ಪಂಪನ್ನೇ ಹಾಕಿ, ಡ್ರೈವ್ ಮತ್ತು ಒತ್ತಡದ ಸ್ವಿಚ್ ಕೊಟ್ಟರೆ ಆಗುವುದಿಲ್ಲವೇ? ಒತ್ತಡ ಏರಿದಂತೆ ಡ್ರೈವ್ ವೇಗ ಇಳಿಸುತ್ತದೆ, ನಿಗದಿತ ಮಟ್ಟ ಮುಟ್ಟಿದರೆ ನಿಲ್ಲಿಸುತ್ತದೆ. ಗಾಳಿಯ ಖರ್ಚೂ ಉಳಿಯುತ್ತದೆ.

ಹಳೇ_ಫಿಟ್ಟರ್:

ಆಗುತ್ತದೆ, ದೊಡ್ಡ ಘಟಕಗಳಲ್ಲಿ ಹಾಗೆ ಮಾಡುತ್ತಾರೆ ಕೂಡ. ಆದರೆ ಎರಡು ತೊಡಕುಗಳಿವೆ. ಗಾಳಿ ಪಂಪಿನ ಡಯಾಫ್ರಮ್ಮಿನ ಒಂದು ಬದಿಗೆ ದ್ರವ, ಇನ್ನೊಂದು ಬದಿಗೆ ಹೆಚ್ಚುಕಡಿಮೆ ಅಷ್ಟೇ ಒತ್ತಡದ ಗಾಳಿ ಇರುವುದರಿಂದ ಅದು ಬರೀ ಪರದೆಯ ಕೆಲಸ ಮಾಡುತ್ತದೆ, ಭಾರ ಹೊರುವುದಿಲ್ಲ. ಯಾಂತ್ರಿಕ ಪಂಪಿನಲ್ಲಿ ದ್ರವದ ಒತ್ತಡ ಒಂದೇ ಬದಿಗೆ. ನಡುವಿನ ತಟ್ಟೆ ಆತುಕೊಂಡಿರುವಷ್ಟು ಭಾಗ ಬಿಟ್ಟು ಉಳಿದ ಅಂಚಿನ ರಬ್ಬರು ಪ್ರತಿ ಸ್ಟ್ರೋಕಿಗೂ ಉಬ್ಬಿ ಎಳೆಸಿಕೊಳ್ಳುತ್ತದೆ. 2 ಬಾರ್‌ನಲ್ಲಿ ವರ್ಷಗಟ್ಟಲೆ ಬಾಳುವ ಡಯಾಫ್ರಂ 6 ಬಾರ್‌ನಲ್ಲಿ ಬೇಗ ಹರಿಯುವುದು ಇದಕ್ಕೇ. ಹಿಂದೆ ಎಣ್ಣೆ ತುಂಬಿಸಿ ಒತ್ತಡ ಸರಿದೂಗಿಸುವ ಹೈಡ್ರಾಲಿಕ್ ಡಯಾಫ್ರಂ ಪಂಪುಗಳಿವೆ, ಅವುಗಳ ಬೆಲೆ ಕೇಳಿದರೆ ಈ ಮಾಲೀಕರು ಪ್ರೆಸ್ಸನ್ನೇ ಮಾರಿಬಿಡುತ್ತಾರೆ.

ಇನ್ನು ಒತ್ತಡದ ಸ್ವಿಚ್ಚಿನ ಸಣ್ಣ ತೂತು ಕೆಸರಿನಲ್ಲಿ ಕಟ್ಟಿಕೊಳ್ಳುತ್ತದೆ. ಡಯಾಫ್ರಂ ಸೀಲ್ ಇರುವ ಗೇಜನ್ನೇ ಹಾಕಬೇಕು, ಅದನ್ನೂ ವಾರಕ್ಕೊಮ್ಮೆ ತೊಳೆಯಬೇಕು. ನಮ್ಮ ಇಟಿಪಿಗಳಲ್ಲಿ ವಾರಕ್ಕೊಮ್ಮೆ ಎಂಬ ಪದದ ಅರ್ಥ ಎಲ್ಲರಿಗೂ ಗೊತ್ತು.

ವಸಂತನರಸಾಪುರದಿಂದ:

ಪ್ರೆಸ್ಸಿನ ಪಂಪಿಗೆ ಗಾಳಿಯ ಖರ್ಚನ್ನು ದೊಡ್ಡದು ಮಾಡಬೇಡಿ. ಮೊದಲ ಅರ್ಧ ಗಂಟೆ ಪಂಪು ವೇಗವಾಗಿ ಬಡಿಯುತ್ತದೆ, ತಟ್ಟೆಗಳ ನಡುವೆ ಕೇಕು (ಹಿಂಡಿದ ಕೆಸರು) ಕಟ್ಟಿದಂತೆಲ್ಲ ನಿಧಾನವಾಗುತ್ತದೆ, ಕೊನೆಗೆ ನಿಮಿಷಕ್ಕೊಂದೆರಡು ಸ್ಟ್ರೋಕಿಗೆ ಬಂದು ನಿಲ್ಲುತ್ತದೆ. ನಿಂತ ಪಂಪು ಗಾಳಿಯನ್ನು ತಿನ್ನುವುದಿಲ್ಲ.

ಲಾಭ ಇರುವುದು ಕೇಕಿನ ತೇವದಲ್ಲಿ. ಲೇಪನದ ಘಟಕದ ರಾಸಾಯನಿಕ ಕೆಸರು ಅಪಾಯಕಾರಿ ತ್ಯಾಜ್ಯ; 2016ರ ನಿಯಮದಂತೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ದಾಬಸ್‌ಪೇಟೆಯ ವಿಲೇವಾರಿ ಕೇಂದ್ರಕ್ಕೆ ಕಳಿಸಿದಾಗ ತೂಕದ ಮೇಲೆ ಹಣ ಕಟ್ಟುತ್ತೀರಿ. ಶೇಕಡ 70 ತೇವ ಇರುವ ಒಂದು ಟನ್ ಕೇಕಿನಲ್ಲಿ ಒಣ ಅಂಶ 300 ಕೆ.ಜಿ. ಮಾತ್ರ. ಅದನ್ನೇ ಶೇಕಡ 60ಕ್ಕೆ ಇಳಿಸಿದರೆ ಒಟ್ಟು ತೂಕ 750 ಕೆ.ಜಿ. ಆಗುತ್ತದೆ. ಉಳಿದ ಕಾಲು ಟನ್ ನೀರನ್ನು ಹೆದ್ದಾರಿಯಲ್ಲಿ ಸಾಗಿಸಿ, ಅದಕ್ಕೆ ಹಣವನ್ನೂ ಕಟ್ಟುವುದು ತಪ್ಪುತ್ತದೆ. ಆದ್ದರಿಂದ ಪ್ರೆಸ್ಸಿನ ಪಂಪಿಗೆ ಕೊನೆಯ ಹಂತದಲ್ಲಿ 6 ಬಾರ್ ಗಾಳಿ ತಪ್ಪದೆ ಸಿಗುವಂತೆ ನೋಡಿಕೊಳ್ಳಿ.

ಆದರೆ ಮೊದಲಿನಿಂದಲೇ 6 ಬಾರ್ ಕೊಡಬೇಡಿ. 2 ಬಾರ್‌ನಲ್ಲಿ ಶುರುಮಾಡಿ, ಬಟ್ಟೆಯ ಮೇಲೆ ತೆಳ್ಳನೆಯ ಪದರ ಕೂತ ಮೇಲೆ ಹಂತ ಹಂತವಾಗಿ ಏರಿಸಿ. ಮೊದಲೇ ಜೋರಾಗಿ ಒತ್ತಿದರೆ ನುಣ್ಣನೆಯ ಕಣಗಳು ಬಟ್ಟೆಯ ನೇಯ್ಗೆಯೊಳಗೆ ಸಿಕ್ಕಿಕೊಂಡು ಬ್ಯಾಚು ಅರ್ಧಕ್ಕೇ ನಿಲ್ಲುತ್ತದೆ, ಪಂಪು ಕೆಟ್ಟಿದೆ ಎಂದು ನೀವು ಫಿಟ್ಟರನ್ನು ಕರೆಯುತ್ತೀರಿ.

ಮಾಲೂರು_ಪೇಂಟ್‌ಶಾಪ್:

ನಮ್ಮದು ಬಣ್ಣದ ಘಟಕ, ತ್ಯಾಜ್ಯದಲ್ಲಿ ಥಿನ್ನರ್ ಇರುತ್ತದೆ. ಅಲ್ಲಿ ವಿದ್ಯುತ್ ಮೋಟಾರನ್ನೇ ಹತ್ತಿರ ತರಬಾರದೆಂದು ಗಾಳಿ ಪಂಪು ಹಾಕಿದ್ದೇವೆ. ಮೋಟಾರಿಲ್ಲ ಎಂದ ಮಾತ್ರಕ್ಕೆ ಕಿಡಿ ಇಲ್ಲವೆಂದು ತಿಳಿಯಬಾರದು. ಸಾಧಾರಣ ಪ್ಲಾಸ್ಟಿಕ್ ಮೈಯ ಮೇಲೆ ಸ್ಥಿರವಿದ್ಯುತ್ ಕೂಡುತ್ತದೆ. ನಮ್ಮದು ಲೋಹದ ಮೈ, ಅರ್ಥಿಂಗ್ ತಂತಿಯನ್ನು ಪ್ರತಿ ತಿಂಗಳು ಪರೀಕ್ಷಿಸುತ್ತೇವೆ. ಮೂಲ ಪ್ರಶ್ನೆಗೆ ಇದು ಸಂಬಂಧಿಸದಿದ್ದರೂ, ಇದನ್ನು ಓದಿ ಯಾರಾದರೂ ದ್ರಾವಕಕ್ಕೆ ಪಾಲಿಪ್ರೊಪಿಲೀನ್ ಪಂಪು ತರಿಸಿಬಿಟ್ಟಾರು ಎಂದು ಬರೆದೆ.

ಶ್ರೀನಿವಾಸಪುರ_ಪಲ್ಪ್:

ಮಾವಿನ ತಿರುಳಿನ ಘಟಕದವನು ನಾನು. ತೊಳೆನೀರಿನಲ್ಲಿ ನಾರು, ಸಿಪ್ಪೆ, ಗೊರಟೆಯ ಚೂರು ಎಲ್ಲವೂ ಬರುತ್ತವೆ. ಎರಡು ಇಂಚಿನ ಗಾಳಿ ಪಂಪಿನ ಬಾಲ್ ವಾಲ್ವಿನಲ್ಲಿ ಸುಮಾರು 6 ಮಿ.ಮೀ. ಕಣ ಮಾತ್ರ ಹಾಯುತ್ತದೆ ಎಂಬುದನ್ನು ಕೊಂಡ ಮೇಲೆ ತಿಳಿದುಕೊಂಡೆ. ನಾರು ಬಾಲಿನ ಕೆಳಗೆ ಸಿಕ್ಕಿಕೊಂಡರೆ ಪಂಪು ಬಡಿಯುತ್ತಲೇ ಇರುತ್ತದೆ, ನೀರು ಅಲ್ಲೇ ಹಿಂದೆ ಮುಂದೆ ಆಡುತ್ತಿರುತ್ತದೆ. ಬಾಲಿನ ಬದಲು ಫ್ಲಾಪ್ ವಾಲ್ವಿರುವ ಪಂಪು ತಂದ ಮೇಲೆ ಆ ಕಾಟ ತಪ್ಪಿತು. ನಿಮ್ಮ ಗುಂಡಿಗೆ ಬೋಲ್ಟು, ವಾಷರು ಬೀಳುವುದಿಲ್ಲವೇ? ಹೀರುವ ಪೈಪಿನ ಬಾಯಿಗೆ ಬುಟ್ಟಿ ಜರಡಿ ಹಾಕಿ.

ಯೂನಿಟ್_ಲೆಕ್ಕ:

ಕಂಪ್ರೆಸರ್ ಬಗ್ಗೆ ಹೇಳುವುದು ಉಳಿದಿತ್ತು. ಹಗಲಿನ 28 ಸಿಎಫ್‌ಎಂಗೆ ಗುಂಡಿಯ ಪಂಪಿನ 14 ಸೇರಿದರೆ 42. ಅಲ್ಲಿಗೆ ಕಂಪ್ರೆಸರ್ ಸುಸ್ತು. ಪ್ರೆಸ್ಸಿನ ಪಂಪು ಶುರುವಾಗುವ ಹೊತ್ತಿಗೆ ಲೈನಿನ ಒತ್ತಡ ಕುಸಿದು ಶಾಪಿನ ನ್ಯೂಮ್ಯಾಟಿಕ್ ಉಪಕರಣಗಳೂ ಮುಷ್ಕರ ಹೂಡುತ್ತವೆ. ಎರಡೂ ಕಡೆ ಗಾಳಿ ಪಂಪು ಎಂದರೆ ಹೊಸ ಕಂಪ್ರೆಸರಿನ ಬೆಲೆಯನ್ನೂ ಅದೇ ಕೊಟೇಶನ್ನಿಗೆ ಸೇರಿಸಿ ಓದಬೇಕು.

ರಾತ್ರಿ ಪಾಳಿಯಲ್ಲಿ ಶಾಪು ಮುಚ್ಚಿ ಪಂಪೊಂದೇ ಓಡುವಾಗ ಇನ್ನೊಂದು ನಷ್ಟವಿದೆ. ಸ್ಥಿರ ವೇಗದ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆಗಿ ಸುಮ್ಮನೆ ತಿರುಗುವಾಗಲೂ ಪೂರ್ಣ ಶಕ್ತಿಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಎಳೆಯುತ್ತದೆ. ಸೋರಿಕೆಯನ್ನೂ ನೋಡಿ: 7 ಬಾರ್ ಲೈನಿನಲ್ಲಿ 3 ಮಿ.ಮೀ. ತೂತೊಂದು 20 ಸಿಎಫ್‌ಎಂಗೂ ಹೆಚ್ಚು ಗಾಳಿಯನ್ನು ಬಿಟ್ಟುಕೊಡುತ್ತದೆ. ನಿಮ್ಮ 28ರಲ್ಲಿ ಎಷ್ಟು ಬಳಕೆ, ಎಷ್ಟು ಸೋರಿಕೆ ಎಂಬುದನ್ನು ಒಂದು ಭಾನುವಾರ ಶಾಪು ನಿಂತಿರುವಾಗ ಅಳೆದರೆ ತಿಳಿಯುತ್ತದೆ.

ಗೌರಿಬಿದನೂರು_ಮೇಂಟೆನೆನ್ಸ್:

ಎಲ್ಲರೂ ಪಂಪು ಓಡುವಾಗಿನ ಮಾತಾಡುತ್ತಿದ್ದೀರಿ. ಡಯಾಫ್ರಂ ಹರಿಯುವ ದಿನ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು, ಏಕೆಂದರೆ ಎರಡೂ ಪಂಪುಗಳಲ್ಲಿ ಅದು ಹರಿದೇ ಹರಿಯುತ್ತದೆ.

ಗಾಳಿ ಪಂಪಿನಲ್ಲಿ ಹರಿದರೆ ದ್ರವ ಗಾಳಿಯ ಕೋಣೆಗೆ ನುಗ್ಗಿ ಹೊರಗಾಳಿಯ ಸದ್ದು ತಗ್ಗಿಸುವ ಮಫ್ಲರಿನಿಂದ ಸಿಡಿಯುತ್ತದೆ. ನಮ್ಮಲ್ಲಿ ಮಫ್ಲರು ಆಪರೇಟರಿನ ಕುರ್ಚಿಯ ಕಡೆಗೆ ಮುಖ ಮಾಡಿತ್ತು. ಅವನು ಟೀ ಕುಡಿಯಲು ಎದ್ದುಹೋಗಿದ್ದರಿಂದ ಅಂಗಿ ಮಾತ್ರ ಹಾಳಾಗದೆ ಉಳಿಯಿತು, ಕುರ್ಚಿ ಉಳಿಯಲಿಲ್ಲ. ಆಮೇಲೆ ಮಫ್ಲರನ್ನು ತೆಗೆದು ದಪ್ಪ ಹೋಸಿನ ಮೂಲಕ ಹೊರಗಾಳಿಯನ್ನು ಮತ್ತೆ ಗುಂಡಿಯ ಮೇಲಕ್ಕೆ ಬಿಟ್ಟೆವು. ಗಾಳಿಯ ಲೈನಿಗೆ ನಾನ್‌ರಿಟರ್ನ್ ವಾಲ್ವನ್ನೂ ಹಾಕಿದೆವು. ಕಂಪ್ರೆಸರ್ ನಿಂತ ಹೊತ್ತಿನಲ್ಲಿ ಹರಿದ ಡಯಾಫ್ರಮ್ಮಿನ ಮೂಲಕ ಆಮ್ಲ ಗಾಳಿಯ ಲೈನಿಗೆ ಹಿಮ್ಮುಖವಾಗಿ ಹತ್ತುವುದನ್ನು ಅದು ತಡೆಯುತ್ತದೆ.

ಯಾಂತ್ರಿಕ ಪಂಪಿನಲ್ಲಿ ಹರಿದರೆ ದ್ರವ ರಾಡಿನ ಕಡೆಗೆ ಇಳಿಯುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಡಯಾಫ್ರಮ್ಮಿಗೂ ಗೇರ್ ಬಾಕ್ಸಿಗೂ ನಡುವೆ ತೆರೆದ ಜಾಗ ಬಿಟ್ಟು, ಕೆಳಗೆ ಸೋರುವ ಕಿಂಡಿ ಕೊಟ್ಟಿರುತ್ತಾರೆ. ಕಿಂಡಿಯಿಂದ ಹನಿ ಬಿದ್ದರೆ ಕಣ್ಣಿಗೆ ಕಾಣುತ್ತದೆ. ಆ ಕಿಂಡಿ ಇದೆಯೇ ಎಂದು ಕೊಳ್ಳುವ ಮೊದಲು ಕೇಳಿ. ಇಲ್ಲದಿದ್ದರೆ ಮೊದಲು ಡಯಾಫ್ರಂ, ಮರುವಾರ ಬೇರಿಂಗ್, ಆಮೇಲೆ ಗೇರು.

ಹೊರಗಾಳಿಯ ಕಡೆ ಮಂಜು ಕಟ್ಟುವುದನ್ನೂ ಹೇಳಿಬಿಡುತ್ತೇನೆ. ಒತ್ತಿದ ಗಾಳಿ ಒಮ್ಮೆಲೇ ಹಿಗ್ಗಿದಾಗ ತಣ್ಣಗಾಗುತ್ತದೆ. ಅದರಲ್ಲಿ ತೇವ ಇದ್ದರೆ ಬಿರುಬೇಸಿಗೆಯ ಮಧ್ಯಾಹ್ನವೂ ಮಫ್ಲರಿನೊಳಗೆ ಐಸು ಕಟ್ಟಿ ಪಂಪು ನಿಲ್ಲಬಹುದು. ಏರ್ ಡ್ರೈಯರ್ ಇಲ್ಲದ ಕಡೆ ಗಾಳಿ ಪಂಪನ್ನು 6 ಬಾರ್‌ನಲ್ಲಿ ಹೊತ್ತುಗಟ್ಟಲೆ ಓಡಿಸಬೇಡಿ.

ಹೊಸ_ಎಂಜಿನಿಯರ್:

ಕರೆಂಟು ಹೋದರೆ? ಗಾಳಿ ಪಂಪಾದರೆ ಟ್ಯಾಂಕಿನಲ್ಲಿರುವ ಗಾಳಿಯಿಂದ ಓಡುತ್ತಲೇ ಇರುತ್ತದೆಯಲ್ಲವೇ?

ಯೂನಿಟ್_ಲೆಕ್ಕ:

500 ಲೀಟರ್ ರಿಸೀವರ್ 7 ಬಾರ್‌ನಿಂದ 4 ಬಾರ್‌ಗೆ ಇಳಿಯುವಾಗ ಕೊಡುವುದು ಸುಮಾರು 1,500 ಲೀಟರ್ ಬಿಡಿ ಗಾಳಿ. ನಿಮಿಷಕ್ಕೆ 400 ಲೀಟರ್ ತಿನ್ನುವ ಪಂಪು ನಾಲ್ಕು ನಿಮಿಷವೂ ಓಡುವುದಿಲ್ಲ. ಜನರೇಟರ್ ಶುರುಮಾಡಲು ಸಾಕು, ಅಷ್ಟೆ.

ಇಟಿಪಿ_ಅಂತರಸನಹಳ್ಳಿ:

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ಪ್ರೆಸ್ಸಿಗೆ ಗಾಳಿ ಪಂಪು ಹಾಕಿದೆವು, ಒಂದೂವರೆ ಇಂಚಿನದು, ಸ್ಯಾಂಟೊಪ್ರೀನ್ ಡಯಾಫ್ರಂ. ರೆಗ್ಯುಲೇಟರಿನ ಪಕ್ಕದ ಗೋಡೆಯ ಮೇಲೆ 2, 4, 6 ಎಂದು ದೊಡ್ಡದಾಗಿ ಬರೆದು ಪ್ರತಿಯೊಂದರ ಎದುರು ನಿಮಿಷಗಳನ್ನು ಬರೆಸಿದ್ದೇನೆ. ಕೇಕು ಈಗ ಬಟ್ಟೆಯಿಂದ ತಾನಾಗಿ ಕಳಚಿ ಬೀಳುತ್ತದೆ. ಮೊದಲು ಕರಣೆಯಿಂದ ಕೆರೆಯಬೇಕಿತ್ತು.

ಗುಂಡಿಗೆ ಯಾಂತ್ರಿಕ ಪಂಪನ್ನೇ ತರಿಸಿದೆವು, ಆದರೆ ಪಾಲಿಪ್ರೊಪಿಲೀನ್ ಹೆಡ್ಡಿನದು. ವೈಟಾನ್ ಡಯಾಫ್ರಂ. ಸೋರುವ ಕಿಂಡಿ ಇರುವುದನ್ನು ಕಣ್ಣಾರೆ ನೋಡಿಯೇ ಹಣ ಕೊಟ್ಟೆ. ರಿಯಾಕ್ಷನ್ ತೊಟ್ಟಿಯ ಬಾಯಿಯಲ್ಲಿ ಆಪರೇಟರುಗಳು ಆಗಾಗ ಮುಚ್ಚುತ್ತಿದ್ದ ವಾಲ್ವೊಂದಿತ್ತು. ಫಿಟ್ಟರ್ ಅವರ ಕಥೆ ಓದಿದ ಮೇಲೆ ಆ ವಾಲ್ವನ್ನೇ ತೆಗೆಸಿಹಾಕಿದೆ, ತೊಟ್ಟಿ ತುಂಬಿದರೆ ಫ್ಲೋಟ್ ಸ್ವಿಚ್ ಮೋಟಾರನ್ನೇ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಗುಂಡಿಯ ಸುತ್ತ ನೀರು ನಿಲ್ಲುವುದರಿಂದ ಮೋಟಾರಿಗೆ ಎರಡಡಿ ಎತ್ತರದ ಕಟ್ಟೆ ಕಟ್ಟಿಸಿದೆ. ಹೀರುವ ಎತ್ತರ ಅಷ್ಟೇ ಹೆಚ್ಚಾಯಿತು, ಪೈಪನ್ನು ಒಂದು ಅಳತೆ ದಪ್ಪ ಮಾಡಿ ಸರಿದೂಗಿಸಿದ್ದೇವೆ. ಮೀಟರಿನಲ್ಲಿ 0.6 ಕಿಲೋವ್ಯಾಟ್ ಓಡುತ್ತಿದೆ, ಲೆಕ್ಕ ಹೇಳಿದ್ದಕ್ಕೆ ಹತ್ತಿರವೇ ಇದೆ.

ಯಾಂತ್ರಿಕ ಪಂಪು ಕೆಟ್ಟ ದಿನಕ್ಕೆಂದು ಗಾಳಿ ಪಂಪಿನ ಹೀರುವ ಕಡೆಗೆ ಇನ್ನೊಂದು ಹೋಸ್ ಜೋಡಿಸುವ ಬಾಯಿ ಬಿಟ್ಟಿದ್ದೇವೆ. ಒಂದು ದಿನದ ಮಟ್ಟಿಗೆ ಅದೇ ಗುಂಡಿಯನ್ನೂ ನೋಡಿಕೊಳ್ಳಲಿ ಎಂದು. ಸಣ್ಣದೊಂದು ತೊಂದರೆ ಮಾತ್ರ ಇದೆ. ಗಾಳಿ ಪಂಪಿನ ಮೈಯ ಜೋಡಣೆಯಲ್ಲಿ ನಿನ್ನೆಯಿಂದ ಸಣ್ಣಗೆ ಜಿನುಗುತ್ತಿದೆ. ಡಯಾಫ್ರಂ ಹೋಗಿರಬಹುದೇ?

ಹಳೇ_ಫಿಟ್ಟರ್:

ಮಫ್ಲರಿನಿಂದ ದ್ರವ ಬರುತ್ತಿಲ್ಲವೆಂದರೆ ಡಯಾಫ್ರಂ ಹೋಗಿಲ್ಲ. ಪ್ಲಾಸ್ಟಿಕ್ ಮೈ ಬೋಲ್ಟಿನ ಬಿಗಿತಕ್ಕೆ ದಿನ ಕಳೆದಂತೆ ಸ್ವಲ್ಪ ಸೊರಗುತ್ತದೆ, ಆಗ ಬೋಲ್ಟುಗಳು ಸಡಿಲವಾಗುತ್ತವೆ. ಪಂಪು ಜೋಡಿಸಿದ ಮರುದಿನವೇ ಒಮ್ಮೆ ಮತ್ತೆ ಬಿಗಿ ಮಾಡಬೇಕಿತ್ತು, ಯಾರೂ ಮಾಡಿರುವುದಿಲ್ಲ. ಗಾಳಿ ಮುಚ್ಚಿ, ಲೈನಿನ ಒತ್ತಡ ಇಳಿಸಿ, ಎದುರುಬದುರು ಬೋಲ್ಟುಗಳನ್ನು ಸರದಿಯಂತೆ ಟಾರ್ಕ್ ಸ್ಪ್ಯಾನರಿನಿಂದ ಕೈಪಿಡಿಯಲ್ಲಿ ಕೊಟ್ಟಷ್ಟೇ ಬಿಗಿ ಮಾಡಿ. ಉದ್ದನೆಯ ಪೈಪು ತುರುಕಿ ಎಳೆಯಬೇಡಿ, ಮೈ ಸೀಳುತ್ತದೆ.

ಇಟಿಪಿ_ಅಂತರಸನಹಳ್ಳಿ:

ಮಫ್ಲರು ಒಣಗಿಯೇ ಇದೆ. ಟಾರ್ಕ್ ಸ್ಪ್ಯಾನರ್ ನಮ್ಮಲ್ಲಿಲ್ಲ, ಪಕ್ಕದ ಶೆಡ್ಡಿನವರಲ್ಲಿ ಕೇಳಿದ್ದೇನೆ. ನಾಳೆ ಬೆಳಗಿನ ಬ್ಯಾಚು ಶುರುವಾಗುವ ಮೊದಲು ಬಿಗಿ ಮಾಡಿಸುತ್ತೇನೆ.